ಹಡಗೇರಿ ಬರುವ ಹಗೆಗಳು

ಕಾಳಿಗೆ ಬೀಳುವ ಹುಳುವಿನ ವಿಚಾರವನ್ನು ನಮ್ಮ ಗೃಹಿಣಿಯರಿಗೆ ಹೊಸದಾಗಿ ಹೇಳಿಕೊಡಬೇಕಾದುದಿಲ್ಲ. ತೊಗರಿಬೇಳೆಗೆ ಹರಳೆಣ್ಣೆ ಸವರುವುದು, ಬಿತ್ತನೆಯ ತೊಗರಿಗೆ ಕೆಮ್ಮಣ್ಣು ಕಟ್ಟುವುದು, ಕಾಳಿನ ನಡುವೆ ಬೇವಿನ ಸೊಪ್ಪನ್ನು ಸೇರಿಸುವುದು, ಒಳ್ಳೆಯ ಬಿಸಿಲು ಕಂಡ ದಿನ ಚಾಪೆಯ ಮೇಲೆ ಹರವಿ, ಮೊರದಲ್ಲಿ ಕೇರಿ, ಮತ್ತೆ ಡಬ್ಬಕ್ಕೆ ತುಂಬುವುದು, ಇವೆಲ್ಲ ಅಜ್ಜಿಯರಿಂದ ತಾಯಂದಿರಿಗೂ ತಾಯಂದಿರಿಂದ ಹೆಣ್ಣುಮಕ್ಕಳಿಗೂ ಬಂದ ವಿದ್ಯೆ. ಅವರಿಗೆ ಇನ್ನೂ ಒಂದು ಸಂಗತಿ ಚೆನ್ನಾಗಿ ಗೊತ್ತು. ಅಂಗಡಿಯಿಂದ ಬಂದ ಹೊಸ ಕಾಳನ್ನು ಪರೀಕ್ಷಿಸದೆ ಹಳೆಯ ಕಾಳಿನ ಮೇಲೆ ಸುರಿಯಕೂಡದು. ಹುಳು ಹೊಕ್ಕ ಒಂದು ಪಾವು ಕಾಳು ಒಂದು ಪಲ್ಲ ಕಾಳನ್ನು ಕೆಡಿಸಬಲ್ಲುದು.

ಮನೆಗೆ ಸಲ್ಲುವ ಈ ಮಾತು ದೇಶಕ್ಕೂ ಸಲ್ಲುವುದು. ದೇಶವೆಂಬ ಮನೆಗೆ ಬಂದರುಗಳೇ ಹೆಬ್ಬಾಗಿಲು. ಲೋಕದ ದೇಶದೇಶಗಳ ನಡುವೆ ನಡೆಯುವ ವ್ಯಾಪಾರದ ಸರಕಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಮಿಕ್ಕು ಇಂದಿಗೂ ಹಡಗುಗಳ ಮೇಲೆಯೇ ಸಾಗುವುದು. ಆ ಸರಕಿನೊಡನೆ, ಬಾಡಿಗೆ ಕೊಡದ, ಪಟ್ಟಿಯಲ್ಲಿ ಹೆಸರಿಲ್ಲದ ಪ್ರಯಾಣಿಕರೂ ಅನೇಕರು ಬರುವರು. ಅವು ಕೀಟಗಳು. ಅವು ದಡಕ್ಕೆ ಇಳಿಯುವುದನ್ನು ಯಾರೂ ಕಾಣರು. ಇಳಿದ ಕೆಲವು ವರ್ಷಗಳ ಮೇಲೆ ಮರಗಳು ಒಣಗಿದಾಗ, ಕಣಜಗಳು ಬೂದಿಯಾದಾಗ ಮಾತ್ರ ಅವುಗಳ ಆಗಮನದ ವಾರ್ತೆ ಜನಕ್ಕೆ ತಿಳಿಯುವುದು. ಇವುಗಳನ್ನು ತಡೆಯುವುದು ಹೇಗೆಂಬ ವಿಚಾರವನ್ನು ನಮ್ಮ ವಾಚಕರ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಹುಳುಗಳು ಎಲ್ಲ ದೇಶಗಳಲ್ಲಿಯೂ ಉಂಟಷ್ಟೆ. ಪರದೇಶದ ಹುಳುವಿಗೆ ಮಾತ್ರ ಇಷ್ಟು ಅಂಜುವುದೇಕೆ ಎಂದು ಕೇಳಬಹುದು. ಇದಕ್ಕೆ ಕಾರಣವಿದೆ. ತನ್ನ ತವರಿನಲ್ಲಿ ಪ್ರತಿಯೊಂದು ಹುಳುವಿಗೂ ಅದನ್ನು ತಿನ್ನುವ ಮತ್ತೊಂದು ಹುಳು, ಅದರ ಒಡಲಲ್ಲಿ ಮೊಟ್ಟೆಯಿಡುವ ಕಣಜ, ಅದಕ್ಕೆ ತಗಲುವ ರೋಗ ಮುಂತಾದ ಶತ್ರುಗಳು ಇರುವುವು. ಅಲ್ಲಿಯ ಗಿಡಮರಗಳೂ ಬಹುಕಾಲದ ಪರಿಚಯದಿಂದ ಅದರ ಕಾಟವನ್ನು ತಾಳಿಕೊಳ್ಳುವ ಶಕ್ತಿಯನ್ನು ಪಡೆದಿರುವುವು. ಹುಳು ಹಡಗನ್ನೇರುವಾಗ ಈ ಶತ್ರುಗಳನ್ನೆಲ್ಲ ತವರಿನಲ್ಲೇ ಬಿಟ್ಟು ಬರುವುದು. ಹೊಸ ನಾಡಿನಲ್ಲಿ ಅದಕ್ಕೆ ಮೇವು ಬೇಕಾದಷ್ಟು, ಅಂಕೆಯೆಂಬುದು ಇಲ್ಲ.

ಆಸ್ಟ್ರೇಲಿಯದ ಒಂದು ಶಲ್ಕಕೀಟದ ಕಥೆ ಇದಕ್ಕೆ ಒಳ್ಳೆಯ ದೃಷ್ಟಾಂತ. ಬಿಳಿಯ ಹತ್ತಿಯ ಮೆತ್ತೆಯಂಥ ಚೀಲವನ್ನು ಹೊತ್ತು ಟೊಂಗೆಗಳಿಗೆ ಅಂಟಿಕೊಂಡಿರುವ ಈ ಕ್ಷುದ್ರಜಂತು 1868ರ ಸುಮಾರಿಗೆ ಅಮೆರಿಕದ ಕ್ಯಾಲಿಫೋರ್ನಿಯವನ್ನು ಸೇರಿತು. ಇಪ್ಪತ್ತು ವರ್ಷಗಳೊಳಗೆ ಅಲ್ಲಿಯ ಕಿತ್ತಳೆ, ನಿಂಬೆಯ ತೋಟಗಾರರು ಮರಗಳನ್ನು ಕಡಿದು ಸುಡುವ ಸ್ಥಿತಿಗೆ ಬಂದರು. ಆಗ ಅಮೆರಿಕದ ಸರಕಾರದವರು ಆಲ್ಬರ್ಟ್ ಕೋಬೆಲೆ ಎಂಬ ಕೀಟಶಾಸ್ತ್ರಜ್ಞನನ್ನು 1888ರಲ್ಲಿ ಆಸ್ಟ್ರೇಲಿಯಕ್ಕೆ ಕಳುಹಿಸಿದರು. ಈ ಕೀಟವನ್ನೇ ತಿಂದು ಬದುಕುವ ಒಂದು ಜಾತಿಯ ಗುಲಗಂಜಿ ಹುಳುವನ್ನು ಆತನು ಹುಡುಕಿ ಹಡಗಿನಲ್ಲಿ ಕಳುಹಿಸಿದನು. ಎರಡು ವರ್ಷ ತುಂಬುವುದರೊಳಗೆ ತೋಟಗಳು ಚೇತರಿಸಿಕೊಂಡುವು. ಇದೇ ಶಲ್ಕಕೀಟ 1928ರ ಸುಮಾರಿಗೆ ನಮ್ಮ ನೆರೆಯ ನೀಲಗಿರಿಯಲ್ಲಿ ಕಾಣಿಸಿಕೊಂಡಿತು. ಅಲ್ಲಿಗೂ ಅದೇ ಗುಲಗಂಜಿ ಹುಳುವನ್ನು ತರಿಸಿ ಬಿಡಬೇಕಾಯಿತು. ತೀರ ಈಚಿನ ಮಾತೆಂದರೆ, ಮೆಕ್ಸಿಕೋ ಕಡೆಯ ಪರಂಗಿಯ ಹಿಟ್ಟುತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಕಂಡುಬಂದು, ಪರಂಗಿ, ಹಿಪ್ಪುನೇರಳೆ ಮೊದಲಾದ ಬೆಳೆಗಳನ್ನು ಹಾಳುಮಾಡಿತು. ಬೆಂಗಳೂರಿನ ರಾಷ್ಟ್ರೀಯ ಕೀಟಸಂಸ್ಥೆಯವರು 2010ರಲ್ಲಿ ಅದರ ಸಹಜ ಶತ್ರುಗಳಾದ ಸಣ್ಣ ಕಣಜಗಳನ್ನು ಪೋರ್ಟೊರಿಕೋ ದ್ವೀಪದಿಂದ ತರಿಸಿ ಬಿಟ್ಟ ಮೇಲೆಯೇ ಅದು ಹತೋಟಿಗೆ ಬಂದಿತು. ಆದರೆ ಎಲ್ಲ ಹುಳುಗಳಿಗೂ ಇಂಥ ಶತ್ರು ಬೇಗನೆ ದೊರೆಯುವುದೆಂಬ ಭರವಸೆಯಿಲ್ಲ. ಆದುದರಿಂದ ಬಾಗಿಲಲ್ಲಿ ತಡೆಯುವುದೇ ಮೇಲು.

ಹಡಗಿನಲ್ಲಿ ಈ ಹುಳುಗಳು ಬಿಡಾರ ಮಾಡುವ ಸ್ಥಳಗಳು ಮುಖ್ಯವಾಗಿ ಮೂರು. ಕೆಲವು ಸರಕಿನೊಳಗೇ ಇರುವುವು. ಕೆಲವು ಸರಕನ್ನು ಕಟ್ಟಿದ ಮರದಲ್ಲಿ ಇರುವುವು. ಕೆಲವು ಹಡಗಿನ ಮೈಮೇಲೆಯೇ ಇರುವುವು. ಒಂದೊಂದನ್ನು ತಡೆಯುವ ಉಪಾಯವೂ ಬೇರೆ ಬೇರೆ.

ಮೊದಲನೆಯ ತರದ್ದಕ್ಕೆ ಉದಾಹರಣೆಯಾಗಿ ನಮ್ಮ ದೇಶದ್ದೇ ಒಂದು ಹುಳುವನ್ನು ಹೇಳುವೆವು. ಖಾಪ್ರಾ ಎಂಬ ಹಿಂದೂಸ್ಥಾನಿ ಹೆಸರಿನಿಂದಲೇ ಲೋಕವೆಲ್ಲ ಇದನ್ನು ಅರಿತಿದೆ. ಇದರ ತವರು ಭರತಖಂಡವೆಂದೇ ವಿದ್ವಾಂಸರ ಅಭಿಪ್ರಾಯ. ಬೆಳೆದ ದುಂಬಿ ಎಳ್ಳಿನ ಕಾಳಿನಷ್ಟು ದೊಡ್ಡದು, ಅದು ಹಾರಲಾರದು. ಕಾಳನ್ನು ತಿಂದು ಹಿಟ್ಟುಮಾಡುವುದು ಅದರ ಮರಿ, ಮೈಯೆಲ್ಲ ಕಂದುಬಣ್ಣದ ರೋಮವಿರುವ ಸಣ್ಣ ಹುಳು. ಉದುರಿದ ಆ ರೋಮಗಳು ಧಾನ್ಯದಲ್ಲಿ ಬೆರೆತು ತಿನ್ನುವವರಿಗೂ ಬಾಧೆಕೊಡುವುವು. ಮೇವು ಮುಗಿದರೆ ಈ ಮರಿ ಸಾಯುವುದಿಲ್ಲ. ಗೋಡೆಯ ಬಿರುಕಿನಲ್ಲೋ, ಗೋಣಿಯ ಹೊಲಿಗೆಯಲ್ಲೋ, ಹಡಗಿನ ಹಲಗೆಗಳ ಸಂದಿನಲ್ಲೋ ನುಸುಳಿ, ಆಹಾರವಿಲ್ಲದೆ ವರ್ಷಗಟ್ಟಲೆ ಮಲಗಿರಬಲ್ಲುದು. ಮತ್ತೆ ಧಾನ್ಯದ ವಾಸನೆ ಬಂದಾಗ ಎದ್ದು ಹೊರಡುವುದು. ತಾನಾಗಿ ಹಾರಲಾರದ ಈ ಜಂತು ಇಷ್ಟು ದೇಶಗಳನ್ನು ಸುತ್ತಿದುದು ಮನುಷ್ಯನು ಹೊತ್ತುದರಿಂದಲೇ ಎಂಬುದನ್ನು ಗಮನಿಸತಕ್ಕುದು.

1953ರಲ್ಲಿ ಕ್ಯಾಲಿಫೋರ್ನಿಯದ ಒಂದು ಧಾನ್ಯದ ಉಗ್ರಾಣದಲ್ಲಿ ಖಾಪ್ರಾ ಕಾಣಿಸಿಕೊಂಡಿತು. ವಿಚಾರಿಸಿದಲ್ಲಿ ಅದು ಕೆಲವು ವರ್ಷಗಳಿಂದಲೇ ಅಲ್ಲಿ ನೆಲಸಿದ್ದಿತೆಂದು ತಿಳಿಯಿತು. ಉಗ್ರಾಣಗಳನ್ನು ಇಡಿಯಾಗಿ ಟಾರ್ಪಾಲಿನ್ನಿನಿಂದ ಮುಚ್ಚಿ ಒಳಗೆ ವಿಷಾನಿಲವನ್ನು ತುಂಬುವ ಕೆಲಸ ಆರಂಭವಾಯಿತು. ಹುಳು ನಿರ್ಮೂಲವಾಯಿತೆಂದು ನಿಶ್ಚಯವಾಗುವ ಹೊತ್ತಿಗೆ 1966ನೆಯ ಇಸವಿ ಬಂದಿದ್ದಿತು. ಎಳ್ಳುಕಾಳಿನಷ್ಟು ಜೀವಿಯನ್ನು ಹೊರಡಿಸಲು ಹದಿಮೂರು ವರ್ಷ!

ಈಚೆಗೆ ಇದರ ಸಂಚಾರಕ್ಕೆ ಮತ್ತೊಂದು ಅನುಕೂಲವಾಗಿದೆ. ಕಂಟೇನರ್ ಎಂಬ ಉಕ್ಕಿನ ದೊಡ್ಡ ಪೆಟ್ಟಿಗೆಗಳಲ್ಲಿ ಈಗ ಸರಕನ್ನು ತುಂಬುವರಷ್ಟೆ. ಅವುಗಳ ನೆಲ ಸಾಮಾನ್ಯವಾಗಿ ಮರದ ಹಲಗೆಯದು. ಈ ಸಲ ಅಕ್ಕಿ ಹೊತ್ತ ಪೆಟ್ಟಿಗೆ ಮುಂದಿನ ಸಲ ಯಂತ್ರವನ್ನೋ ಬಟ್ಟೆಯನ್ನೋ ಹೊರುವುದು. ಹಲಗೆಯ ಸಂದಿನಲ್ಲಿ ಉದುರಿದ ನಾಲ್ಕು ಅಕ್ಕಿಕಾಳು, ಅದರ ಜೊತೆಗೆ ನಾಲ್ಕು ಮರಿಹುಳು ಉಳಿದಿದ್ದರೆ ಸಾಕು. 2020ರಲ್ಲಿ ಆಸ್ಟ್ರೇಲಿಯಕ್ಕೆ ಬಂದ ಶೀತಪೆಟ್ಟಿಗೆಗಳ ಸರಕಿನಲ್ಲಿ ಖಾಪ್ರಾ ಸಿಕ್ಕಿತು. ಶೀತಪೆಟ್ಟಿಗೆಯನ್ನು ತಿನ್ನುವ ಹುಳು ಲೋಕದಲ್ಲಿಲ್ಲ. ಅದು ಪೆಟ್ಟಿಗೆಯ ಹಳೆಯ ಒಕ್ಕಲು. ಆ ಮೇಲೆ ಅಲ್ಲಿಯ ಸರಕಾರದವರು ಸರಕನ್ನು ಮಾತ್ರವಲ್ಲದೆ, ಅಪಾಯದ ಕಡೆಯಿಂದ ಬರುವ ಪೆಟ್ಟಿಗೆಯನ್ನೂ ಶುದ್ಧಿಪಡಿಸಬೇಕೆಂದು ಬಿಗಿಯಾದ ನಿಯಮಗಳನ್ನು ಮಾಡಿದರು. ಡಬ್ಬಕ್ಕೆ ಹೊಸ ಕಾಳು ತುಂಬುವ ಮೊದಲು ಡಬ್ಬವನ್ನು ತೊಳೆದು ಒಣಗಿಸುವ ಗೃಹಿಣಿಯ ಬುದ್ಧಿಯೇ ಇದು.

ಇನ್ನು ಎರಡನೆಯದು, ಕಟ್ಟಿಗೆಯಲ್ಲಿ ಅಡಗಿ ಬರುವ ಹುಳು. ಭಾರವಾದ ಸರಕಿಗೆ ಪೆಟ್ಟಿಗೆಯಾಗಿಯೂ, ಅಡಿಯ ಚೌಕಟ್ಟಾಗಿಯೂ, ಅಲುಗಾಡದಂತೆ ಕೊಡುವ ಆಪಾಗಿಯೂ ಅಗ್ಗದ ಮರವನ್ನು ಉಪಯೋಗಿಸುವರು. ಮಾರುವವನಿಗೂ ಕೊಳ್ಳುವವನಿಗೂ ಒಳಗಿನ ಸರಕಿನ ಮೇಲೆ ಕಣ್ಣೇ ಹೊರತು ಹೊರಗಿನ ಮರದ ಮೇಲಲ್ಲ. 1996ರಲ್ಲಿ ನ್ಯೂಯಾರ್ಕ್ ಪಟ್ಟಣದ ಬ್ರೂಕ್ಲಿನ್ ಭಾಗದಲ್ಲಿ ಬೀದಿಯ ಮೇಪಲ್ ಮರಗಳ ಮೈಯಲ್ಲಿ ಗುಂಡಗಿನ ತೂತುಗಳು ಕಾಣಿಸಿದುವು. ಯಾರೋ ತುಂಟ ಹುಡುಗರು ಬೈರಿಗೆಯಿಂದ ಕೊರೆದಿರಬೇಕೆಂದು ಮೊದಲು ಸಂದೇಹ ಹುಟ್ಟಿತು. ಅದು ಚೀನ, ಕೊರಿಯ ದೇಶಗಳ ಉದ್ದಮೀಸೆಯ ಕರಿದುಂಬಿಯ ಕೆಲಸವೆಂದು ಆಮೇಲೆ ಗೊತ್ತಾಯಿತು. ಅದರ ಮರಿ ಮರದ ತಿರುಳಿನ ತನಕ ಕೊರೆದುಕೊಂಡು ಹೋಗುವುದು. ಹೊರಗಿನಿಂದ ಸಿಂಪಡಿಸಿದ ಮದ್ದು ಅದಕ್ಕೆ ತಾಗದು. ಮರವನ್ನೇ ಕಡಿದು ಚೂರುಮಾಡುವುದು ಹೊರತು ಬೇರೆ ದಾರಿಯಿಲ್ಲ. 1998ರಲ್ಲಿ ಶಿಕಾಗೋ ಪಟ್ಟಣದಲ್ಲಿ ಇದೇ ದುಂಬಿ ಕಂಡಾಗ, ಬೀದಿಬೀದಿಗಳ ನೆರಳಿನ ಮರಗಳು ಸಾವಿರಕ್ಕೂ ಮೇಲ್ಪಟ್ಟು ಉರುಳಿದುವು. ಆ ಊರು ಈ ಕಾಟದಿಂದ ಮುಕ್ತವಾಯಿತೆಂದು ಸಾರಿದುದು 2008ರಲ್ಲಿ. ಪಚ್ಚೆಬಣ್ಣದ ಮತ್ತೊಂದು ಏಷ್ಯದ ದುಂಬಿ 2002ರಲ್ಲಿ ಡೆಟ್ರಾಯಿಟ್ ನಗರದ ಬಳಿ ಪತ್ತೆಯಾಯಿತು. ಅದೂ ಕಟ್ಟಿಗೆಯ ಪೆಟ್ಟಿಗೆಯಲ್ಲೇ ಬಂದಿರಬೇಕೆಂದು ಊಹೆ. ಶಿಕಾಗೋವಿಗೆ ಒದಗಿದ ಭಾಗ್ಯ ಅಲ್ಲಿಗೆ ಒದಗಲಿಲ್ಲ. ಪತ್ತೆಯಾಗುವ ಮೊದಲೇ ಅದು ಹರಡಿಬಿಟ್ಟಿದ್ದಿತು. ಕೋಟಿಗಟ್ಟಲೆ ಆಶ್ ಮರಗಳು ಸತ್ತುವು. ಅದನ್ನು ಹೊರಡಿಸುವ ಆಸೆಯನ್ನೇ ಬಿಟ್ಟಿರುವರು.

ಈ ಪೆಟ್ಟುಗಳನ್ನು ತಿಂದ ಮೇಲೆ, 2002ರಲ್ಲಿ ಸಸ್ಯರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸೇರಿದ ದೇಶಗಳು ಒಂದು ಸಾಮಾನ್ಯ ನಿಯಮವನ್ನು ಅಂಗೀಕರಿಸಿದುವು. ಅದರ ಸಾರ ಬಹಳ ಸರಳ. ಸರಕು ಕಟ್ಟುವ ಮರವನ್ನು, ಅದರ ತಿರುಳೂ ಸೇರಿ, 56 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಎಡೆಬಿಡದೆ 30 ನಿಮಿಷ ಕಾಯಿಸಬೇಕು. ಇಲ್ಲವೆ ನಿಯಮಿತವಾದ ವಿಷಾನಿಲವನ್ನು ಕೊಡಬೇಕು. ಹಾಗೆ ಮಾಡಿದ ಮರಕ್ಕೆ ಗೋಧಿಯ ತೆನೆಯ ಚಿತ್ರವಿರುವ ಮುದ್ರೆಯನ್ನು ಒತ್ತಬೇಕು. ದೇಶದ ಗುರುತು, ಮಾಡಿದವರ ಸಂಖ್ಯೆ, ಶುದ್ಧಿಯ ವಿಧಾನ ಇವು ಆ ಮುದ್ರೆಯಲ್ಲಿಯೇ ಇರುವುವು. ಪದರಗಳನ್ನು ಅಂಟು ಹಾಕಿ ಶಾಖ, ಒತ್ತಡಗಳಿಂದ ಮಾಡಿದ ಹಲಗೆಗೆ ಈ ನಿಯಮವಿಲ್ಲ. ಏತಕ್ಕೆಂದರೆ ಆ ಶಾಖದಲ್ಲಿಯೇ ಹುಳು ಸತ್ತಿರುವುದು. ಭಾರತವೂ ಈ ನಿಯಮವನ್ನು ಪಾಲಿಸುವ ದೇಶಗಳಲ್ಲಿ ಒಂದು. ಯಂತ್ರವನ್ನು ತರಿಸಿದ ಕಾರ್ಖಾನೆಯವರ ಅಂಗಳದಲ್ಲಿ ಹಳೆಯ ಪೆಟ್ಟಿಗೆಗಳು ಬಿದ್ದಿದ್ದರೆ ನಮ್ಮ ವಾಚಕರು ಆ ಗೋಧಿತೆನೆಯನ್ನು ಸ್ವತಃ ನೋಡಬಹುದು.

ಮೂರನೆಯದು ಎಲ್ಲಕ್ಕಿಂತ ವಿಚಿತ್ರವಾದುದು. ಇದಕ್ಕೆ ಸರಕಿನ ಸಂಬಂಧವೇ ಇಲ್ಲ. ರಷ್ಯದ ಪೂರ್ವತೀರ, ಜಪಾನು, ಕೊರಿಯ, ಉತ್ತರ ಚೀನ ಈ ಸೀಮೆಗಳ ಕಾಡುಗಳಲ್ಲಿ ಒಂದು ಪತಂಗವಿದೆ. ಅದರ ಕಂಬಳಿಹುಳು ನೂರಾರು ಜಾತಿಯ ಮರಗಳ ಎಲೆಯನ್ನು ಬೋಳಿಸುವುದು. ಬೇಸಗೆಯ ರಾತ್ರಿಗಳಲ್ಲಿ ಹೆಣ್ಣುಪತಂಗಗಳು ಕಾಡಿನಿಂದ ಹಾರಿ ದೀಪಗಳ ಕಡೆಗೆ ಬರುವುವು. ಬಂದರಿನಲ್ಲಿ ನಿಂತ ಹಡಗು ರಾತ್ರಿಯೆಲ್ಲ ಹಗಲಿನಂತೆ ಬೆಳಗುತ್ತಿರುವುದಷ್ಟೆ. ಪತಂಗವು ಆ ಬೆಳಕಿಗೆ ಮರುಳಾಗಿ ಹಡಗಿನ ಗೋಡೆಗೆ, ಸರಪಳಿಗೆ, ದೀಪದ ಕಂಬದ ಬುಡಕ್ಕೆ, ಪೆಟ್ಟಿಗೆಗಳ ಮಗ್ಗುಲಿಗೆ ಮೊಟ್ಟೆಗಳ ಮುದ್ದೆಯನ್ನು ಅಂಟಿಸಿ, ತನ್ನ ಮೈಯ ಕಂದುರೋಮವನ್ನು ಅದಕ್ಕೆ ಹೊದಿಸಿ ಸಾಯುವುದು. ಒಂದೊಂದು ಮುದ್ದೆಯಲ್ಲಿ ನೂರಾರು ಮೊಟ್ಟೆಗಳು. ಚಳಿಗಾಲದ ಹಿಮವಾಗಲಿ ಕಡಲಿನ ಗಾಳಿಯಾಗಲಿ ಅವನ್ನು ಕೊಲ್ಲದು. ವಸಂತದಲ್ಲಿ ಹಡಗು ಮತ್ತೊಂದು ಖಂಡದ ಬಂದರಿನಲ್ಲಿ ನಿಂತಿರುವಾಗ ಮರಿಗಳು ಒಡೆದು, ಒಂದೊಂದೂ ನೂಲಿನಂಥ ಎಳೆಯನ್ನು ಬಿಟ್ಟು, ಗಾಳಿಯಲ್ಲಿ ತೇಲಿ ದಡಕ್ಕೆ ಹೋಗುವುವು. 1991ರಲ್ಲಿ ಕೆನಡ, ಅಮೆರಿಕಗಳ ಪಶ್ಚಿಮತೀರದ ಬಂದರುಗಳಲ್ಲಿ ಇವು ಹೀಗೆಯೇ ಇಳಿದುವು. ಮರುವರ್ಷ ವಿಮಾನಗಳಿಂದ ಮದ್ದು ಸುರಿಸಿ ಅವನ್ನು ನಿರ್ಮೂಲಮಾಡಬೇಕಾಯಿತು.

ಇದನ್ನು ತಡೆಯುವ ಉಪಾಯಗಳು ಎಷ್ಟು ಸಾಮಾನ್ಯವಾಗಿವೆಯೆಂದರೆ ಓದುವವರಿಗೆ ನಗೆ ಬಂದೀತು. ಪತಂಗ ಹಾರುವ ತಿಂಗಳುಗಳಲ್ಲಿ ಆ ಬಂದರುಗಳಿಗೆ ಹೋದ ಹಡಗನ್ನು, ಅದು ಅಲ್ಲಿಂದ ಹೊರಡುವ ಮೊದಲೇ ಪರೀಕ್ಷಕರು ಹತ್ತಿ ನೋಡಿ, ಮೊಟ್ಟೆಯಿಲ್ಲವೆಂದು ಪತ್ರ ಬರೆದು ಕೊಡುವರು. ಬಂದರಿನಲ್ಲಿ ರಾತ್ರಿ ಬೇಡವಾದ ಹೊರದೀಪಗಳನ್ನು ಆರಿಸಿಡಬೇಕು. ದಾರಿಯಲ್ಲಿ ನಾವಿಕರು ಸಂದುಗೊಂದುಗಳನ್ನು ತಾವೇ ಹುಡುಕಿ, ಕಂಡ ಮೊಟ್ಟೆಯನ್ನು ಕೆರೆದು ತೆಗೆದು, ಕುದಿಯುವ ನೀರಿಗೋ ಬೆಂಕಿಗೋ ಹಾಕಬೇಕು. ಮೊಟ್ಟೆಯ ಮೇಲೆಯೇ ಬಣ್ಣ ಬಳಿದು ಕೈತೊಳೆದುಕೊಳ್ಳಕೂಡದೆಂದು ನಾವಿಕರಿಗೆ ಬೇರೆಯಾಗಿಯೇ ಹೇಳಿರುವರು. ಸೋಮಾರಿತನ ಎಲ್ಲ ದೇಶಗಳಲ್ಲಿಯೂ ಒಂದೇ ಬಗೆಯಷ್ಟೆ! ಪತ್ರವಿಲ್ಲದೆ ಬಂದ ಹಡಗು ಸಂದೇಹಕ್ಕೆ ಗುರಿಯಾಗುವುದು. ಮೊಟ್ಟೆ ಕಂಡರೆ ಹಡಗನ್ನು ಹೊರಗಡಲಿಗೆ ಕಳುಹಿಸಿ ಶುಚಿಮಾಡಿಕೊಂಡು ಬರಹೇಳುವರು. ಒಂದು ದಿನದ ತಡಕ್ಕೂ ಹಡಗಿನವನಿಗೆ ಬಹಳ ನಷ್ಟವಾದುದರಿಂದ, ಕೆರೆಯುವ ಕೆಲಸ ತಾನಾಗಿಯೇ ನಡೆಯುವುದು.

ಬಾಗಿಲು ತಪ್ಪಿಸಿ ಒಳಗೆ ಬಂದರೆ ಏನಾಗುವುದೆಂಬುದನ್ನು ನ್ಯೂಜಿಲೆಂಡಿನವರು ಬಲ್ಲರು. 2003ರಲ್ಲಿ ಹ್ಯಾಮಿಲ್ಟನ್ ಪಟ್ಟಣದಲ್ಲಿ ಇಟ್ಟಿದ್ದ ಒಂದು ಬೋನಿಗೆ ಈ ಜಾತಿಯ ಒಂದೇ ಒಂದು ಗಂಡುಪತಂಗ ಬಿದ್ದಿತು. ಆ ಒಂದರ ದೆಸೆಯಿಂದ ಸರಕಾರವು ಜನವಸತಿಯ ಮೇಲೆಯೇ ವಿಮಾನದಿಂದ ಅನೇಕ ಸಲ ಔಷಧಿಯನ್ನು ಸಿಂಪಡಿಸಬೇಕಾಯಿತು. ಜನರಿಗೆ ಇದು ಹಿತವಾಗಿದ್ದಿತೆಂದು ಹೇಳಲಾಗದು. ಎರಡು ವರ್ಷ ಕಾದು ನೋಡಿ 2005ರಲ್ಲಿ ಅಪಾಯ ಕಳೆಯಿತೆಂದು ಸಾರಿದರು. ಅದೇ ದೇಶದವರು 2018ರ ಫೆಬ್ರವರಿಯಲ್ಲಿ, ಜಪಾನಿನಿಂದ ಮೋಟಾರು ಬಂಡಿಗಳನ್ನು ತಂದ ಕೆಲವು ಹಡಗುಗಳಲ್ಲಿ ನಾರುವ ತಿಗಣೆಯೊಂದು ಕಂಡುಬಂದಾಗ, ಅವನ್ನು ಹಾಗೆಯೇ ಹಿಂದಿರುಗಿಸಿದರು. ಇದು ಅತಿಯಾಯಿತೆಂದು ತೋರಬಹುದು. ಆದರೆ ಹಣ್ಣಿನ ತೋಟಗಳಿಂದ ಬದುಕುವ ಆ ಚಿಕ್ಕ ನಾಡಿಗೆ ಮೋಟಾರು ಬಂಡಿ ನಾಲ್ಕು ವಾರ ತಡವಾಗಿ ಬಂದರೂ ನಡೆದೀತು. ತೋಟ ಕೆಟ್ಟರೆ ನಡೆಯದು.

ನಮ್ಮ ದೇಶದಲ್ಲಿಯೂ ಈ ಎಚ್ಚರ ಹೊಸದಲ್ಲ. ಹಡಗಿನ ಮೂಲಕ ಬರುವ ಕೇಡಿನ ರುಚಿಯನ್ನು ನಾವು ಪ್ಲೇಗಿನ ಕಾಲದಲ್ಲಿಯೇ ಕಂಡವರು. 1896ರಲ್ಲಿ ಮುಂಬಯಿ ಬಂದರಿನ ಊರಿನಲ್ಲಿ ಕಾಣಿಸಿದ ಮಾರಿ 1898ರಲ್ಲಿ ಬೆಂಗಳೂರನ್ನು ಹೊಕ್ಕು ಬೀದಿಗಳನ್ನು ಬರಿದುಮಾಡಿತು. ಬೆಳೆಗಳ ರಕ್ಷಣೆಗಾಗಿ 1914ರಲ್ಲಿ ನಾಶಕ ಕೀಟಗಳ ಕಾಯಿದೆಯಾಯಿತು. ಆ ಕಾಲದಲ್ಲಿ ಎಲ್ಲರ ಮನಸ್ಸಿನಲ್ಲಿದ್ದ ಭೀತಿಯೆಂದರೆ ಹತ್ತಿಕಾಯಿಯ ಮೂತಿಹುಳು. 1892ರ ಸುಮಾರಿಗೆ ಮೆಕ್ಸಿಕೋವಿನಿಂದ ಟೆಕ್ಸಸ್ ಸೀಮೆಯನ್ನು ಹೊಕ್ಕ ಈ ಹುಳು ಅಮೆರಿಕದ ಹತ್ತಿಯ ರೈತರನ್ನು ದಿಕ್ಕೆಡಿಸಿದ್ದಿತು. ಮುಂಬಯಿಯ ಗಿರಣಿಗಳಿಗೆ ಅಮೆರಿಕದ ಹತ್ತಿ ಬರುತ್ತಿದ್ದುದರಿಂದ, ಅದನ್ನು ಮುಂಬಯಿ ಬಂದರಿನಲ್ಲಿಯೇ ಇಳಿಸಿ, ವಿಷಾನಿಲದ ಹೊಗೆ ಕೊಟ್ಟ ಮೇಲಲ್ಲದೆ ಊರೊಳಗೆ ಬಿಡಕೂಡದೆಂದು ಕಟ್ಟುಮಾಡಿದರು. ಹತ್ತಿಕಾಯಿಯನ್ನು ಕೊರೆಯುವ ಬೇರೆ ಹುಳುಗಳು ನಮ್ಮಲ್ಲಿ ಬೇಕಾದಷ್ಟಿವೆ. ಆದರೆ ಆ ಮೂತಿಹುಳು ಮಾತ್ರ ಭಾರತದಲ್ಲಿ ನೆಲಸಿಲ್ಲ. ಧಾರವಾಡ, ರಾಯಚೂರು ಸೀಮೆಗಳ ರೈತನು ಅದರ ಹೆಸರನ್ನೇ ಕೇಳದೆ ಹತ್ತಿ ಬೆಳೆಯುತ್ತಿರುವನು. ತಡೆದ ಕೇಡು ಕಣ್ಣಿಗೆ ಕಾಣದು. ಆದುದರಿಂದಲೇ ತಡೆದವರಿಗೆ ಹೆಸರೂ ಬರುವುದಿಲ್ಲ. 1914ರ ಆ ಕಾಯಿದೆಯ ಆಧಾರದ ಮೇಲೆಯೇ 2003ರಲ್ಲಿ ಹೊಸ ಆಜ್ಞೆಯೊಂದು ಹೊರಟು, ಯಾವ ದೇಶದ ಯಾವ ಬೀಜ, ಸಸಿ, ಧಾನ್ಯ, ಮರ ಯಾವ ಷರತ್ತಿನ ಮೇಲೆ ಬರಬಹುದೆಂಬುದನ್ನು ವಿವರವಾಗಿ ಗೊತ್ತುಮಾಡಿದೆ.

ಈ ಕಾವಲಿನಲ್ಲಿ ಕೊರತೆಗಳೂ ಉಂಟು. ಒಂದೊಂದು ಹಡಗಿನಲ್ಲಿ ಸಾವಿರಾರು ಪೆಟ್ಟಿಗೆಗಳು ಬರುವಾಗ ಪ್ರತಿಯೊಂದನ್ನೂ ತೆರೆದು ನೋಡುವುದು ಸಾಧ್ಯವಿಲ್ಲ. ಮುದ್ರೆಯಿದ್ದ ಮರದಲ್ಲಿಯೂ ಒಮ್ಮೊಮ್ಮೆ ಜೀವಂತ ಹುಳು ಸಿಕ್ಕುವುದುಂಟು. ಹೆಚ್ಚಾಗಿ ಉಪಯೋಗಿಸುವ ವಿಷಾನಿಲವಾದ ಮೀಥೈಲ್ ಬ್ರೋಮೈಡ್ ಆಕಾಶದ ಓಜೋನ್ ಪದರಕ್ಕೆ ಕೇಡೆಂದು ತಿಳಿದುಬಂದು, ಲೋಕದಲ್ಲಿ ಅದರ ಇತರ ಬಳಕೆಯನ್ನು ಬಹುಮಟ್ಟಿಗೆ ನಿಲ್ಲಿಸಿದ್ದಾಗಿದೆ. ಹೊರನಾಡಿನ ಕೀಟಗಳ ತಡೆಗೆ ಮಾತ್ರ ವಿನಾಯಿತಿಯಿದೆ. ಒಂದು ಕೇಡನ್ನು ತಡೆಯಲು ಮತ್ತೊಂದು ಕೇಡನ್ನು ಮಾಡಬೇಕಾದ ಈ ಸಂಕಟದಿಂದ ಪಾರಾಗಲು, ಶಾಖವನ್ನೇ ಹೆಚ್ಚು ನೆಚ್ಚುವುದು ಒಳ್ಳೆಯದೆಂದು ನಮಗೆ ತೋರುವುದು.

ಇಷ್ಟೆಲ್ಲ ಸರಕಾರದವರ ಕೆಲಸ, ನಮ್ಮದೇನು ಎಂದು ಗೃಹಸ್ಥರು ಕೇಳಬಹುದು. ನಮ್ಮ ಮಕ್ಕಳು ಮೊಮ್ಮಕ್ಕಳು ಇಂದು ದೂರದ ದೇಶಗಳಲ್ಲಿ ಸಂಸಾರ ಹೂಡಿರುವರು. ಅವರನ್ನು ನೋಡಲು ಹೊರಟ ತಾಯಿ ಊರಿನ ಸಣ್ಣಕ್ಕಿಯನ್ನೋ ಕಡಲೆಕಾಳನ್ನೋ ಪ್ರೀತಿಯಿಂದ ಗಂಟುಕಟ್ಟಿಕೊಳ್ಳುವುದು ಸಹಜ. ಆ ಗಂಟಿನಲ್ಲಿ ಖಾಪ್ರಾದ ಮರಿಯೊಂದಿದ್ದರೆ, ಹಡಗು ಮಾಡುವ ಕೆಲಸವನ್ನು ಆ ತಾಯಿಯ ಪೆಟ್ಟಿಗೆಯೇ ಮಾಡಿದಂತಾಯಿತು. ಈ ಕಾರಣದಿಂದಲೇ, ಖಾಪ್ರಾ ಇರುವ ದೇಶಗಳಿಂದ ಪ್ರಯಾಣಿಕರು ಅಕ್ಕಿಯನ್ನು ತರಕೂಡದೆಂದು ಅಮೆರಿಕದವರು 2011ರಲ್ಲಿ ನಿಷೇಧಿಸಿದರು. ಆ ಬಾಗಿಲಲ್ಲಿ ಅಕ್ಕಿಯನ್ನು ಕಿತ್ತುಕೊಂಡಾಗ ನಮ್ಮವರು ಅವಮಾನವಾಯಿತೆಂದು ನೊಂದುಕೊಳ್ಳುವುದುಂಟು. ಅದು ಅವಮಾನವಲ್ಲ. ಹೊಸ ಕಾಳನ್ನು ನೋಡದೆ ಹಳೆಯ ಡಬ್ಬಕ್ಕೆ ಸುರಿಯಲು ಆ ತಾಯಿಯೇ ತನ್ನ ಮನೆಯಲ್ಲಿ ಒಪ್ಪುವಳೆ? ಹಾಗೆಯೇ ಪರದೇಶದಿಂದ ಬರುವವರು ಬೀಜ, ಗೆಡ್ಡೆ, ಹೂವಿನ ಸಸಿಗಳನ್ನು ಬಟ್ಟೆಯ ನಡುವೆ ಅಡಗಿಸಿ ತರುವುದನ್ನೂ ಬಿಡಬೇಕು. ಮನೆಯ ತೋಟದಲ್ಲಿ ಹಿಂದೆ ಕಾಣದ ಹುಳು ಕಂಡರೆ, ಮರದ ಮೈಯಲ್ಲಿ ಹೊಸ ತೂತುಗಳೂ ಬುಡದಲ್ಲಿ ಹೊಟ್ಟೂ ಕಂಡರೆ, ಹತ್ತಿರದ ಕೃಷಿ ಇಲಾಖೆಯವರಿಗೆ ತಿಳಿಸಬೇಕು. ಬ್ರೂಕ್ಲಿನ್ನಿನಲ್ಲಿಯೂ ಮೊದಲು ಕಂಡವರು ಅಧಿಕಾರಿಗಳಲ್ಲ, ಮನೆಯ ಮುಂದಿನ ಮರವನ್ನು ದಿನವೂ ನೋಡುತ್ತಿದ್ದ ಊರವರು.

ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದರೆಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ಮರವನ್ನು ಅರ್ಧ ಗಂಟೆ ಕಾಯಿಸುವುದು, ದೀಪವನ್ನು ಆರಿಸುವುದು, ಮೊಟ್ಟೆಯನ್ನು ಕೆರೆಯುವುದು, ಕಾಳನ್ನು ಮನೆಯಲ್ಲೇ ಬಿಟ್ಟು ಹೊರಡುವುದು, ಇವು ಬಾಗಿಲಿಗೆ ಅಗುಳಿ ಹಾಕುವ ಕೆಲಸಗಳು. ಕೋಟೆ ಇನ್ನೂ ನಮ್ಮ ವಶದಲ್ಲಿರುವಾಗಲೇ ಅವನ್ನು ಮಾಡುವುದು ಲೇಸು.